ಅವ್ವನ ಹಪ್ತೆಗೆ ಎಳೆದ ಕೆಂಪು ಗೆರೆ



‘ಭೋಗವಾದ ಮತ್ತು ಇಂದಿನ ಯುವಜನಾಂಗ’ ಎಂಬ ವಿಷಯದ ಮೇಲೆ ಒಂದು ಪ್ರಬಂಧವನ್ನಾದರೂ ಬರೆಯದೆ ನಮ್ಮಲ್ಲಿ ಯಾರೂ ಧರ್ಮೋಪದೇಶದ ತರಗತಿ ಮುಗಿಸಿಲ್ಲ. ತಪಸ್ಸುಕಾಲ ಬಂದರೆ ಇದೇ ವಿಷಯ, ಆಗಮನಕಾಲ ಬಂದರೂ ಇದೇ. ಬರೆಯುವುದೂ ಕಷ್ಟವಲ್ಲ. ಮೊದಲ ಸಾಲಿನಲ್ಲಿ ‘ಆಧುನಿಕ ಮಾನವ’ ಬರಬೇಕು. ಎರಡನೆಯ ಸಾಲಿನಲ್ಲಿ ಅವನು ಯಾವುದಕ್ಕಾದರೂ ದಾಸನಾಗಬೇಕು. ನಡುವೆ ಮೊಬೈಲು, ಮಾಲು, ಪಾಶ್ಚಾತ್ಯ ಸಂಸ್ಕೃತಿ ಮೂರಕ್ಕೂ ಒಂದೊಂದು ಏಟು ಬೀಳಬೇಕು. ಕಡೆಗೆ ಸರಳ ಜೀವನಕ್ಕೆ ಜಯಕಾರ. ಇಷ್ಟಾದರೆ ಬಹುಮಾನ ಖಾತ್ರಿ. ಆ ಬಹುಮಾನ ಹೆಚ್ಚಾಗಿ ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್ ಕಪ್ಪು, ಅದು ಬೇರೆ ಮಾತು.

ಈ ಸಲ ಸ್ಪರ್ಧೆಗೆ ಬಂದ ಪ್ರಬಂಧಗಳನ್ನು ಟೈಪು ಮಾಡುವ ಕೆಲಸ ನಮ್ಮ ಯುವಕೂಟದ ಪಾಲಿಗೆ ಬಂತು. ಅವುಗಳಲ್ಲಿ ಒಂದನ್ನು ಬರೆದವಳು ಅಕ್ಕಲಕೋಟ ತಾಲ್ಲೂಕಿನ ಹಳ್ಳಿಯ ಹುಡುಗಿ. ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಈಗ ದಿನಾ ಎಸ್‌ಟಿ ಬಸ್ಸು ಹತ್ತಿ ಸೊಲ್ಲಾಪುರದ ಕಾಲೇಜಿಗೆ ಹೋಗುತ್ತಾಳೆ. ಪ್ರಬಂಧ ನಮ್ಮ ಕೈ ಸೇರುವ ಹೊತ್ತಿಗೆ ಅದರ ಮೇಲೆ ಕೆಂಪು ಪೆನ್ನು ಒಂದು ಸುತ್ತು ಆಡಿ ಹೋಗಿತ್ತು. ತಿದ್ದಿದವರು ಹಿರಿಯರು, ಕನ್ನಡ ಬಲ್ಲವರು, ಹುಡುಗಿಗೆ ಒಳ್ಳೆಯದಾಗಲಿ ಎಂದೇ ತಿದ್ದಿದವರು. ಅವರ ಹೆಸರು ಇಲ್ಲಿ ಬೇಡ. ನಮ್ಮ ಜಗಳ ಅವರೊಂದಿಗಲ್ಲ, ಆ ಪೆನ್ನಿನೊಂದಿಗೆ. ಅಂಥ ಪೆನ್ನು ನಮ್ಮ ಎಲ್ಲ ಧರ್ಮಕೇಂದ್ರಗಳಲ್ಲೂ ಒಂದೊಂದಿದೆ.

ನಾಲ್ಕು ಪುಟಗಳ ಪ್ರಬಂಧ. ಮೂರು ಪುಟ ನಾವು ಮೇಲೆ ಹೇಳಿದ ಅಚ್ಚಿನಲ್ಲೇ ಇತ್ತು. ಅಲ್ಲಿ ಕೆಂಪು ಪೆನ್ನು ಒತ್ತಕ್ಷರ ಸರಿಮಾಡಿ, ಒಂದೆರಡು ಕಡೆ ‘ಉತ್ತಮ’ ಎಂದು ಬರೆದು ಮುಂದೆ ಸಾಗಿತ್ತು. ಮೂರನೆಯ ಪುಟದ ಕೊನೆಗೆ ಮಾತ್ರ ಒಂದು ಪ್ಯಾರಾಕ್ಕೆ ಮೇಲಿಂದ ಕೆಳಕ್ಕೆ ಗೆರೆ ಎಳೆದು, ಪಕ್ಕದಲ್ಲಿ ‘ವೈಯಕ್ತಿಕ, ವಿಷಯಕ್ಕೆ ಸಂಬಂಧವಿಲ್ಲ’ ಎಂದು ಬರೆದಿತ್ತು. ಹುಡುಗಿಯ ಅನುಮತಿ ಪಡೆದು ಆ ಪ್ಯಾರಾ ಇಲ್ಲಿ ಕೊಡುತ್ತಿದ್ದೇವೆ:

“ನಮ್ಮ ಅವ್ವ ಮೂರು ಹಪ್ತೆ ತುಂಬತಾಳ. ಒಂದು ನನ್ನ ಮೊಬೈಲಿಂದು, ಒಂದು ಹೊಲಿಗೆ ಮಷಿನಿಂದು, ಒಂದು ಅಜ್ಜನ ದವಾಖಾನಿಂದು. ಸೊಲ್ಲಾಪುರದಾಗ ಕಾರಖಾನ್ಯಾಗ ಟಾವೆಲ್ ಅಂಚು ಹೊಲಿತಾಳ. ದಿನಕ್ಕ ನೂರಾರು ಟಾವೆಲ್ ಅಕಿ ಕೈಯಾಗ ಹಾದು ಹೋಗತಾವ. ನಮ್ಮನ್ಯಾಗ ಮೈ ಒರಸೂದು ಅಜ್ಜನ ಹಳೇ ಧೋತರದ ತುಂಡಿಲೇ.”

ಈ ನಾಲ್ಕೈದು ಸಾಲು ಹೊಡೆದುಹಾಕಿ, ಆ ಜಾಗದಲ್ಲಿ ಕೆಂಪು ಪೆನ್ನು ಬರೆದದ್ದು ಇಷ್ಟು: ‘ಹೀಗೆ ಬಡವರು ಸಹ ತಮ್ಮ ಅಂತಸ್ತನ್ನು ಮೀರಿ ವಸ್ತುಗಳ ವ್ಯಾಮೋಹಕ್ಕೆ ಬಲಿಯಾಗುತ್ತಿದ್ದಾರೆ.’

ನಮ್ಮ ತಕರಾರು ಇರುವುದು ಇಲ್ಲಿ. ನಾಲ್ಕು ಪುಟಗಳಲ್ಲಿ ಆ ಹುಡುಗಿ ಕಣ್ಣಾರೆ ಕಂಡು ಬರೆದದ್ದು ಆ ಒಂದೇ ಪ್ಯಾರಾ. ಉಳಿದದ್ದನ್ನು ಅವಳು ಬರೆಯಬೇಕಾಗಿರಲಿಲ್ಲ, ಯಾವ ಗೈಡಿನಲ್ಲಾದರೂ ಸಿಗುತ್ತದೆ. ತಿದ್ದುಪಡಿ ಎಂಬುದು ಕಂಡದ್ದನ್ನು ಅಳಿಸಿ, ಕಾಣದ್ದನ್ನು ಉಳಿಸಿತು. ಅಷ್ಟೇ ಅಲ್ಲ, ಮಗಳ ಬರವಣಿಗೆಯಲ್ಲೇ ತಾಯಿಯ ಮೇಲೆ ಆರೋಪ ಹೊರಿಸಿತು. ಮಗಳು ‘ಅವ್ವ ಹಪ್ತೆ ತುಂಬತಾಳ’ ಎಂದು ಬರೆದರೆ, ಪೆನ್ನು ‘ನಿಮ್ಮ ಅವ್ವನಿಗೆ ವ್ಯಾಮೋಹ’ ಎಂದು ಓದಿತು.

ಮೊದಲು ಮಾತುಗಳ ಲೆಕ್ಕ ನೋಡೋಣ. ಉಳಿದ ಪುಟಗಳಲ್ಲೂ ಹುಡುಗಿ ಎಲ್ಲಿ ‘ಹಪ್ತೆ’ ಎಂದು ಬರೆದಿದ್ದಳೋ ಅಲ್ಲೆಲ್ಲ ‘ಕಂತು’ ಎಂದು ತಿದ್ದಲಾಗಿದೆ. ‘ಉದ್ರಿ’ ಇದ್ದಲ್ಲಿ ‘ಸಾಲ’ ಬಂದಿದೆ. ಶುದ್ಧ ಕನ್ನಡವಾಯಿತು, ನಿಜ. ಆದರೆ ಹಪ್ತೆ ಎಂದರೆ ವಾರ. ಪಾರ್ಸಿಯ ಏಳು ಎಂಬ ಮಾತಿನಿಂದ ಬಂದ ಶಬ್ದ, ಮರಾಠಿಯಲ್ಲೂ ಉರ್ದುವಿನಲ್ಲೂ ಇದೆ. ವಾರವಾರ ಗುಂಪಿನ ಹೆಣ್ಣುಮಕ್ಕಳು ಒಂದು ಮನೆಯ ಪಡಸಾಲೆಯಲ್ಲಿ ಕೂತು, ಒಬ್ಬಳದ್ದು ತಪ್ಪಿದರೆ ಎಲ್ಲರೂ ಕಟ್ಟಬೇಕಾದ ಸಾಲದ ವಾಸನೆ ಆ ಮಾತಿಗಿದೆ. ‘ಕಂತು’ ಬ್ಯಾಂಕಿನ ಕೌಂಟರಿನ ಮಾತು. ಉದ್ರಿಯೂ ಹಾಗೆಯೇ. ಕಿರಾಣಿ ಅಂಗಡಿಯವನು ಮುಖ ನೋಡಿ ಕೊಡುವುದು ಉದ್ರಿ. ಆಧಾರ್ ಕಾರ್ಡು ನೋಡಿ ಕೊಡುವುದು ಸಾಲ. ಉದ್ರಿಯವನೊಂದಿಗೆ ಮುಂದಿನ ಸಂತೆಯವರೆಗೆ ತಾಳು ಎನ್ನಬಹುದು. ಮೊಬೈಲಿನ ಸಾಲಕ್ಕೆ ಮುಖವೇ ಇಲ್ಲ, ತಿಂಗಳ ಐದನೇ ತಾರೀಖಿಗೆ ಖಾತೆಯಿಂದ ತಾನೇ ಕಿತ್ತುಕೊಳ್ಳುತ್ತದೆ. ಭೋಗವಾದದ ಬಗ್ಗೆ ಪ್ರಬಂಧವೇ ಆಗಿದ್ದರೆ ಈ ವ್ಯತ್ಯಾಸವೇ ಅದರ ಜೀವಾಳ. ಶುದ್ಧ ಕನ್ನಡ ಅದನ್ನು ತೊಳೆದುಹಾಕಿತು. ಹನ್ನೆರಡನೇ ಶತಮಾನದಲ್ಲಿ ಸಿದ್ಧರಾಮ ಸೊನ್ನಲಿಗೆಯಲ್ಲಿ ವಚನ ಹೇಳಿದ್ದು ಕನ್ನಡದಲ್ಲೇ, ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಅಲ್ಲಿನ ಕನ್ನಡ ಮರಾಠಿ, ತೆಲುಗು, ಉರ್ದುಗಳ ಜೊತೆ ಬಾಳಿ ಬಂದ ಕನ್ನಡ. ಅದನ್ನು ತಿದ್ದುವವರು ಒಮ್ಮೆ ಕೇಳಿಸಿಕೊಂಡು ತಿದ್ದಬೇಕು.

ತಿದ್ದಲೇಬೇಕಾಗಿದ್ದ ಒಂದು ಮಾತನ್ನು ಮಾತ್ರ ಪೆನ್ನು ಮುಟ್ಟಿಲ್ಲ. ಪ್ರಬಂಧದ ತುಂಬ ‘ಭೌತವಾದ’ ಎಂಬ ಶಬ್ದವಿದೆ, ಅದೂ ಬೈಗುಳದಂತೆ. ಭೌತವಾದ ಎಂದರೆ ಜಗತ್ತೆಲ್ಲ ದ್ರವ್ಯದಿಂದಲೇ ಆಗಿದೆ ಎನ್ನುವ ತತ್ವವಿಚಾರ. ನಮ್ಮ ದೇಶದಲ್ಲಿ ಚಾರ್ವಾಕರ ಕಾಲದಿಂದ ಇದೆ. ನವೀ ಪೇಠಿನಲ್ಲಿ ಚಪ್ಪಲಿ ಕೊಳ್ಳುವವರು ಯಾರೂ ಆ ತತ್ವ ಓದಿ ಕೊಳ್ಳುವುದಿಲ್ಲ. ಅದಕ್ಕೆ ಕನ್ನಡದಲ್ಲಿ ಬೇರೆ ಮಾತಿದೆ: ಕೊಳ್ಳುಬಾಕತನ. ಹೊಟ್ಟೆಬಾಕತನದ ತಮ್ಮ ಅದು, ಕೇಳಿದ ಕೂಡಲೇ ಅರ್ಥವಾಗುತ್ತದೆ. ಎರಡನ್ನೂ ಕಲಸಿದರೆ ವಸ್ತುವೇ ಪಾಪ ಎಂಬ ಭಾವನೆ ಬೆಳೆಯುತ್ತದೆ, ಅದು ಕ್ರೈಸ್ತ ವಿಶ್ವಾಸಕ್ಕೆ ಸಲ್ಲುವ ಮಾತಲ್ಲ. ನಾವು ನಂಬಿದ ದೇವರು ಮೈ ಧರಿಸಿ ಬಂದವರು, ಬಡಗಿಯ ಮನೆಯಲ್ಲಿ ಬೆಳೆದವರು, ಮರ ಕೆತ್ತಿದ ಕೈಯವರು. ಪ್ರತಿ ಬಲಿಪೂಜೆಯಲ್ಲಿ ಪೀಠದ ಮೇಲೆ ಇಡುವುದು ರೊಟ್ಟಿ ಮತ್ತು ದ್ರಾಕ್ಷಾರಸ, ಅಂದರೆ ವಸ್ತು. ಕಾಣಿಕೆಯ ಹೊತ್ತಿನಲ್ಲಿ ಆ ರೊಟ್ಟಿಯ ಹಿಂದೆ ಭೂಮಿಯೂ ಇದೆ, ದುಡಿದ ಕೈಯೂ ಇದೆ ಎಂದು ನೆನೆಯುತ್ತೇವೆ. ದ್ರಾಕ್ಷಿ ಬೆಳೆಯುವ ಸೊಲ್ಲಾಪುರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಸ್ತುವನ್ನು ತುಚ್ಛವಾಗಿ ಕಂಡವರಿಗೆ ಅದನ್ನು ಮಾಡಿದ ಕೈಯೂ ಕಾಣುವುದಿಲ್ಲ. ಕೆಂಪು ಪೆನ್ನಿಗೆ ಟವೆಲ್ ಹೊಲಿಯುವ ತಾಯಿ ಕಾಣದೆ ಹೋದದ್ದು ಹೀಗೆಯೇ.

ಸೊಲ್ಲಾಪುರ ಕೊಳ್ಳುವವರ ಊರಾಗುವ ಮೊದಲು ಮಾಡುವವರ ಊರು. ಅಲ್ಲಿನ ಜನ ‘ಜೂನಿ ಮಿಲ್’ ಎಂದು ಕರೆಯುತ್ತಿದ್ದ ನೂಲಿನ ಗಿರಣಿ ಶುರುವಾದದ್ದು 1877ರಲ್ಲಿ. ಆಮೇಲೆ ನರಸಿಂಗ ಗಿರಜಿ, ಲಕ್ಷ್ಮಿ, ವಿಷ್ಣು ಗಿರಣಿಗಳು ಬಂದವು. ತೆಲಂಗಾಣದಿಂದ ಪದ್ಮಶಾಲಿ ನೇಕಾರರು ವಲಸೆ ಬಂದು ನೆಲೆಸಿದರು, ಸುತ್ತಲಿನ ಕನ್ನಡ ಹಳ್ಳಿಗಳಿಂದ ಜನ ಕೆಲಸಕ್ಕೆ ಹೋದರು. ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಂಡಸರು ವಿದ್ಯುತ್ ಮಗ್ಗಕ್ಕೆ ಹೋದರು, ಹೆಂಗಸರು ಮೊರದಲ್ಲಿ ಎಲೆ ತಂಬಾಕು ಇಟ್ಟುಕೊಂಡು ಬೀಡಿ ಕಟ್ಟಲು ಕೂತರು. ಸೊಲ್ಲಾಪುರಿ ಚಾದರಕ್ಕೂ ಅಲ್ಲಿನ ಟೆರಿ ಟವೆಲಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಹೆಸರು ಹೇಳಿ ಪಾಣಿಪತ್ತಿನ ಮಾಲು ಮಾರುವವರೂ ಇದ್ದಾರೆ. ನಮ್ಮ ಮನೆಗಳಲ್ಲಿ ಮದುವೆಗೆ, ತೊಟ್ಟಿಲಿಗೆ, ಕಡೆಗೆ ಹೆಣದ ಮೇಲೆ ಹೊದಿಸಲೂ ಬರುವ ಚಾದರ ಅದು.

ಈ ಊರಿನ ಹುಡುಗಿಯ ಕೈಯಲ್ಲಿ ‘ಕೊಳ್ಳುವುದನ್ನು ನಿಲ್ಲಿಸಿ’ ಎಂದು ಬರೆಸುವ ಮುನ್ನ ಒಂದು ಕ್ಷಣ ನಿಲ್ಲಬೇಕು. ಜಗತ್ತು ನಾಳೆ ಟವೆಲ್ ಕೊಳ್ಳುವುದನ್ನು ನಿಲ್ಲಿಸಿದರೆ ಮೊದಲು ಕೆಲಸ ಕಳೆದುಕೊಳ್ಳುವವಳು ಅವಳ ಅವ್ವ. ಹಾಗಂತ ಬೇಡದ ಟವೆಲನ್ನೂ ಕೊಳ್ಳುತ್ತ ಹೋಗಿ ಎಂದು ನಾವು ಹೇಳುತ್ತಿಲ್ಲ. ಹೋಟೆಲಿನವರು ಒಂದು ರಾತ್ರಿಗೆ ನಾಲ್ಕು ಟವೆಲ್ ಇಟ್ಟು, ಮುಟ್ಟದ ಮೂರನ್ನೂ ಮತ್ತೆ ಒಗೆಯುವುದು ನಮಗೂ ಕಾಣುತ್ತದೆ. ಆದರೆ ಪ್ರಬಂಧ ಕೇಳಬೇಕಾದ ಪ್ರಶ್ನೆ ಬೇರೆ: ದಿನಕ್ಕೆ ನೂರಾರು ಟವೆಲ್ ಹೊಲಿಯುವವಳ ಮನೆಯಲ್ಲಿ ಟವೆಲ್ ಏಕಿಲ್ಲ? ‘ಆಧುನಿಕ ಮಾನವ’ನ ಬಳಿ ಇದಕ್ಕೆ ಉತ್ತರವಿಲ್ಲ. ಯಾಕೋಬರ ಪತ್ರದ ಐದನೇ ಅಧ್ಯಾಯ ತೆರೆದರೆ ಉತ್ತರದ ದಾರಿ ಕಾಣುತ್ತದೆ. ಅಲ್ಲಿ ಕೂಗುತ್ತಿರುವುದು ಬಡವರ ಆಸೆಯಲ್ಲ, ಅವರಿಗೆ ಕೊಡದೆ ಹಿಡಿದಿಟ್ಟ ಕೂಲಿ.

ಹುಡುಗಿ ದಿನಾ ಹೋಗಿ ಬರುವ ರಸ್ತೆಯನ್ನೇ ನೋಡಿ. ಸುಮಾರು ನಲವತ್ತು ಕಿಲೋಮೀಟರ್. ಸೊಲ್ಲಾಪುರ ಬಿಡುವಾಗಲೇ ಅಕ್ಕಲಕೋಟ ರಸ್ತೆಯ ಎಂಐಡಿಸಿ, ಬಟ್ಟೆಯ ಕಾರಖಾನೆಗಳು. ಮುಂದೆ ಕುಂಭಾರಿ. ಅಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಕಟ್ಟಿದ 10,000 ಮನೆಗಳ ಗೋದೂತಾಯಿ ಪರುಳೇಕರ್ ವಸಾಹತು ಇದೆ; 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಬಂದು ಹಸ್ತಾಂತರಿಸಿದರು. ವರ್ಷಗಟ್ಟಲೆ ಮೋರ್ಚಾ ತೆಗೆದು, ಧರಣಿ ಕೂತು ಆ ಹೆಂಗಸರು ಪಡೆದ ಮನೆಗಳವು. ಸ್ವಂತ ಸೂರು ಬೇಕೆಂಬ ಆಸೆ, ಬಾಗಿಲಿಗೊಂದು ಬೀಗ ಬೇಕೆಂಬ ಆಸೆ, ಇವು ಯಾವ ವ್ಯಾಮೋಹದ ಪಟ್ಟಿಯಲ್ಲಿ ಬರುತ್ತವೆ? ಇನ್ನೂ ಮುಂದೆ ವಳಸಂಗ. ಅಲ್ಲಿ ದಲಿತರು ತಮಗಾಗಿ ತೋಡಿದ ಬಾವಿಯಿದೆ, 1937ರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಬಂದ ಬಾವಿ. ಒಂದು ಕೊಡ ನೀರು ಬೇಕೆಂದವರಿಗೂ ‘ನಿಮ್ಮ ಅಂತಸ್ತು ಮೀರಬೇಡಿ’ ಎಂದು ಹೇಳಿದ ಕಾಲವದು. ‘ಅಂತಸ್ತನ್ನು ಮೀರಿ’ ಎಂಬ ಮಾತನ್ನು ಯಾರ ಪ್ರಬಂಧದಲ್ಲಾದರೂ ತುರುಕುವಾಗ ಈ ಬಾವಿಯನ್ನು ನೆನೆಯಬೇಕು. ಆ ಮಾತು ಹೊಸದಲ್ಲ, ಅದಕ್ಕೆ ಬಹಳ ಕೆಟ್ಟ ಚರಿತ್ರೆಯಿದೆ. ಅಕ್ಕಲಕೋಟಕ್ಕೆ ಹೋದರೆ ಸ್ವಾಮಿ ಸಮರ್ಥರ ಕ್ಷೇತ್ರ. ಅಲ್ಲಿನ ಅನ್ನಛತ್ರದಲ್ಲಿ ಕಾರಿನಲ್ಲಿ ಬಂದವರೂ ಬಸ್ಸಿನಲ್ಲಿ ಬಂದವರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಹೊರಗೆ ಬೀದಿಯ ತುಂಬ ಫೋಟೊ, ಪೇಡೆ, ಬಳೆ, ಆಟಿಕೆ ಅಂಗಡಿಗಳು, ಅವುಗಳನ್ನು ನಂಬಿದ ಸಂಸಾರಗಳು. ಒಂದೇ ಬೀದಿಯಲ್ಲಿ ಎರಡೂ ಇದೆ. ‘ಇಂದಿನ ಜಗತ್ತಿನಲ್ಲಿ ಎಲ್ಲವೂ ವ್ಯಾಪಾರಮಯ’ ಎಂದು ಪ್ರಬಂಧದ ಎರಡನೇ ಪುಟ ಹೇಳುತ್ತದೆ. ದಿನಾ ಆ ಬೀದಿ ದಾಟುವ ಹುಡುಗಿ ಹಾಗೆ ಬರೆಯಬೇಕಾಗಿರಲಿಲ್ಲ.

ಈಗ ಆ ಮೂರು ಹಪ್ತೆಗಳ ಮಾತು. ಅಂತಸ್ತು ಮೀರಿದ ವ್ಯಾಮೋಹ ಎಂದರಲ್ಲ, ಒಂದೊಂದಾಗಿ ಬಿಡಿಸಿ ನೋಡಿ. ಮೊಬೈಲು: ಕಾಲೇಜಿನ ಫಾರಂ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ವೇಳಾಪಟ್ಟಿ ಎಲ್ಲವೂ ಅದರಲ್ಲೇ ಬರುತ್ತವೆ. ಅದಿಲ್ಲದೆ ಓದು ನಡೆಯದಂತೆ ಮಾಡಿದವರು ಆ ತಾಯಿಯಲ್ಲ. ಹೊಲಿಗೆ ಮಷಿನು: ದುಡಿಮೆಯ ಹತ್ಯಾರು, ಮನೆಯಲ್ಲಿ ರಾತ್ರಿ ಎರಡು ರವಿಕೆ ಹೊಲಿಯಲು. ಅಜ್ಜನ ದವಾಖಾನೆ: ಇದನ್ನು ಭೋಗ ಎನ್ನುವವರೊಂದಿಗೆ ನಮಗೆ ಮಾತಿಲ್ಲ. ಮೂರರಲ್ಲಿ ಎರಡು ದುಡಿಮೆಗೆ, ಓದಿಗೆ ಹೋದವು. ಮೂರನೆಯದು ಜೀವ ಉಳಿಸಲು ಹೋಯಿತು. ಬಡವರ ಮನೆಯ ಸಾಲವನ್ನೆಲ್ಲ ಫ್ಯಾಷನ್ನಿನ ಖಾತೆಗೆ ಬರೆಯುವ ಚಟ ನಮ್ಮ ಪ್ರವಚನಗಳಿಗೆ ಅಂಟಿದೆ. ಬಿಡಿಸಿಕೊಳ್ಳಬೇಕು.

ಮೋಸ ಇರುವುದು ಬೇರೆ ಕಡೆ, ಅದನ್ನು ಯುವಜನರು ಲೆಕ್ಕ ಹಾಕಿ ಕಲಿಯಬೇಕು. ‘ಸೊನ್ನೆ ಬಡ್ಡಿ’ ಎಂದು ಅಂಗಡಿಯ ಮುಂದೆ ಬೋರ್ಡು ಇರುತ್ತದೆ. ಹೀಗೆ ಎಣಿಸಿ ನೋಡಿ. ಮೊಬೈಲಿನ ಬೆಲೆ 12,000 ರೂಪಾಯಿ. ರೊಕ್ಕ ಎಣಿಸಿ ಕೊಟ್ಟರೆ 1,000 ರಿಯಾಯಿತಿ, ಅಂದರೆ 11,000. ಹಪ್ತೆಗೆ ತೆಗೆದುಕೊಂಡರೆ ರಿಯಾಯಿತಿ ಇಲ್ಲ. ಮೊದಲ ದಿನವೇ ‘ಪ್ರೊಸೆಸಿಂಗ್’ ಎಂದು 600, ಆಮೇಲೆ ತಿಂಗಳಿಗೆ 2,000ದಂತೆ ಆರು ತಿಂಗಳು. ಒಟ್ಟು 12,600. ಬಡ್ಡಿ ಎಂಬ ಹೆಸರೇ ಇಲ್ಲದೆ 1,600 ರೂಪಾಯಿ ಹೋಯಿತು, ಅದೂ ತಿಂಗಳು ತಿಂಗಳು ಅಸಲು ಕರಗುತ್ತಿರುವ ಆರು ತಿಂಗಳ ಸಾಲಕ್ಕೆ. ವರ್ಷದ ಬಡ್ಡಿಯಾಗಿ ಲೆಕ್ಕ ಹಾಕಿದರೆ ಅದು ಶೇಕಡಾ 50ರ ಆಸುಪಾಸಿಗೆ ಬರುತ್ತದೆ. ಹಳ್ಳಿಯ ಸಾಹುಕಾರ ಇಷ್ಟು ಕೇಳಿದ್ದರೆ ಕೇರಿಯೇ ಅವನಿಗೆ ಶಾಪ ಹಾಕುತ್ತಿತ್ತು. ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಶುಲ್ಕದ ರೂಪದಲ್ಲಿ ಮುಚ್ಚಿಡಲಾಗುತ್ತದೆ ಎಂದು ರಿಸರ್ವ್ ಬ್ಯಾಂಕೇ 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಬೋರ್ಡುಗಳು ಇನ್ನೂ ಇವೆ.

ಗುಂಪು ಸಾಲಕ್ಕೂ ನಿಯಮವಿದೆ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಡುವುದು ಕಿರುಸಾಲ. ಆ ಕುಟುಂಬ ಎಲ್ಲ ಸಾಲಗಳಿಗೂ ಸೇರಿ ಕಟ್ಟುವ ಹಪ್ತೆ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಅರ್ಧ! ಮಿತಿಯೇ ಅರ್ಧ ಎಂದರೆ ಉಳಿದ ಅರ್ಧದಲ್ಲಿ ಜೋಳ, ಎಣ್ಣೆ, ಬಸ್ಸಿನ ಪಾಸು. ಆದರೂ ನಿಯಮ ಗೊತ್ತಿದ್ದವರು ಕೇಳಬಹುದು, ಗೊತ್ತಿಲ್ಲದವರು ಕಟ್ಟುತ್ತಲೇ ಇರುತ್ತಾರೆ. ಗಡಿಯ ಈಚೆ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಅಕ್ಕಲಕೋಟದ ಹಳ್ಳಿಗಳ ಬಂಧುಬಳಗ ಅಫಜಲಪುರದಲ್ಲೂ ಆಳಂದದಲ್ಲೂ ಇದೆ, ಮದುವೆ ಸಂಬಂಧಗಳು ಗಡಿ ನೋಡುವುದಿಲ್ಲ. ಆದರೆ ಆ ಸುಗ್ರೀವಾಜ್ಞೆ ಮಹಾರಾಷ್ಟ್ರದ ಮನೆಯ ಬಾಗಿಲಿಗೆ ಬರಲಿಲ್ಲ.

ಸತ್ಯವೇದದಲ್ಲಿ ನೆಹೆಮೀಯನ ಗ್ರಂಥದ ಐದನೇ ಅಧ್ಯಾಯವನ್ನು ನಮ್ಮ ಯುವಕೂಟಗಳಲ್ಲಿ ಯಾರೂ ಓದಿಸುವುದಿಲ್ಲ ಏಕೋ. ಜೆರುಸಲೇಮಿನ ಗೋಡೆ ಕಟ್ಟುತ್ತಿರುವಾಗ ಬಡ ಕುಟುಂಬಗಳು, ಅದರಲ್ಲೂ ಹೆಂಗಸರು, ದೂರು ತರುತ್ತಾರೆ: ಬರಗಾಲದಲ್ಲಿ ಕಾಳಿಗಾಗಿ ಹೊಲ ಮನೆ ಒತ್ತೆ ಹೋಯಿತು, ರಾಜನ ತೆರಿಗೆಗಾಗಿ ಸಾಲವಾಯಿತು, ಮಕ್ಕಳನ್ನು ಜೀತಕ್ಕೆ ಬಿಡುವಂತಾಯಿತು. ನೆಹೆಮೀಯ ಅವರಿಗೆ ಸರಳ ಜೀವನದ ಉಪದೇಶ ಮಾಡಲಿಲ್ಲ. ಕೋಪಗೊಂಡ, ಸಭೆ ಕರೆದ, ಬಡ್ಡಿ ತಿನ್ನುತ್ತಿದ್ದ ಶ್ರೀಮಂತರನ್ನು ಎಲ್ಲರೆದುರು ನಿಲ್ಲಿಸಿದ, ಹೊಲ ಮನೆ ಬಡ್ಡಿ ಎಲ್ಲ ಹಿಂದಿರುಗಿಸುವಂತೆ ಯಾಜಕರ ಮುಂದೆ ಪ್ರಮಾಣ ಮಾಡಿಸಿದ. ಅವನ ಕೈಯಲ್ಲಿ ಕೆಂಪು ಪೆನ್ನಿದ್ದರೆ ಅದು ಸಾಲಗಾರರ ಹೆಸರಿನ ಮೇಲೆ ಓಡುತ್ತಿರಲಿಲ್ಲ.

ಸ್ನಾನಿಕ ಯೊವಾನ್ನರನ್ನೂ ನೋಡಿ. ಲೂಕರ ಶುಭಸಂದೇಶದ ಮೂರನೇ ಅಧ್ಯಾಯದಲ್ಲಿ ಜನ ಬಂದು, ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಯೊವಾನ್ನರು ಎಲ್ಲರಿಗೂ ಒಂದೇ ಪ್ರಬಂಧ ಓದುವುದಿಲ್ಲ. ಎರಡು ಅಂಗಿ ಇದ್ದವರಿಗೆ ಒಂದು ಉತ್ತರ, ಸುಂಕದವರಿಗೆ ಇನ್ನೊಂದು, ಸೈನಿಕರಿಗೆ ಮತ್ತೊಂದು. ಯಾರ ಬಳಿ ಏನಿದೆಯೋ, ಯಾರು ಯಾರ ಜೇಬಿಗೆ ಕೈ ಹಾಕುತ್ತಾರೋ ಅದನ್ನು ನೋಡಿ ಉತ್ತರ. ಇಬ್ಬರ ಬಳಿ ಅಂಗಿಗಳು ತುಂಬಿ ಕಪಾಟಿನ ಬಾಗಿಲು ಹಾಕಲಾಗದಿದ್ದರೆ, ಮತ್ತೊಬ್ಬರ ಬಳಿ ಧೋತರದ ತುಂಡಿದ್ದರೆ, ‘ನಾವೆಲ್ಲರೂ ಭೋಗಿಗಳಾಗಿದ್ದೇವೆ’ ಎಂಬ ವಾಕ್ಯ ಸುಳ್ಳು. ಆ ‘ಎಲ್ಲರೂ’ ಎಂಬುದು ಉಳ್ಳವರಿಗೆ ಬಹಳ ಅನುಕೂಲದ ಪದ.

ಹಾಗಾದರೆ ಕೊಳ್ಳುಬಾಕತನವೇ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ಧಾರಾಳವಾಗಿದೆ. ಉಜನಿ ಜಲಾಶಯದಿಂದ ಪೈಪು ಹಾಕಿದ್ದರೂ ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ನೀರು ಬರುವುದೇ ರೂಢಿಯಾದ ಸೊಲ್ಲಾಪುರದಲ್ಲಿ, ಕಾರು ತೊಳೆಯಲು ಬೋರ್‌ವೆಲ್ಲಿನ ಪೈಪು ತಿರುಗಿಸುವವರಿದ್ದಾರೆ. ಕೆಟ್ಟಿರದ ಮೊಬೈಲನ್ನು ಕ್ಯಾಮೆರಾದ ಸಲುವಾಗಿ ವರ್ಷಕ್ಕೊಂದರಂತೆ ಬದಲಿಸುವ ಗೆಳೆಯರು ನಮ್ಮ ನಡುವೆಯೇ ಇದ್ದಾರೆ. ಅವರಿಗೆ ಈ ಲೇಖನ ಕಳಿಸಿ. ಒಂದು ದಿನದ ಮದುವೆಗೆ ಐದು ಎಕರೆ ಹೊಲದ ಬೆಲೆ ಸುಡುವವರಿದ್ದಾರೆ, ಅದನ್ನು ನೋಡಿ ಒಂದು ಎಕರೆಯವನೂ ಸುಡುತ್ತಾನೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಬಳಸಿ ಎಸೆಯುವ ಸಂಸ್ಕೃತಿಯನ್ನು ಖಂಡಿಸಿದರು. ಆ ಪತ್ರವನ್ನು ಪೂರ್ತಿ ಓದಿದವರಿಗೆ ಗೊತ್ತು, ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಅವರು ಬೇರೆ ಬೇರೆ ಮಾಡಲಿಲ್ಲ. ನಮ್ಮ ಪ್ರಬಂಧಗಳು ಮೊದಲರ್ಧ ತೆಗೆದುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತವೆ.

ಎಸೆಯದೆ ಬಳಸುವುದನ್ನು ಕಲಿಸಬೇಕಾದರೆ ಗುರು ದೂರದಲ್ಲಿಲ್ಲ. ನಮ್ಮ ಭಾಗದ ಅಜ್ಜಿಯರು ಹರಿದ ಸೀರೆ, ಧೋತರ, ಹಳೇ ಅಂಗಿ ಪದರ ಪದರ ಇಟ್ಟು ಕೌದಿ ಹೊಲಿಯುತ್ತಾರೆ. ಮೂರು ತಲೆಮಾರಿನ ಬಟ್ಟೆ ಒಂದು ಹೊದಿಕೆಯಲ್ಲಿ. ಜೋಳದ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡದಂತೆ ಒಣಗಿಸಿಡುತ್ತಾರೆ, ಶೇಂಗಾ ಚಟ್ನಿ ಇದ್ದರೆ ಊಟವಾಯಿತು. ಈಗ ಅದೇ ಕಡಕ್ ರೊಟ್ಟಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಪುಣೆಯ ಅಂಗಡಿಗೆ ಹೋಗಿದೆ. ಹೋಗಲಿ, ಬಡಿದ ಕೈಗೆ ನಾಲ್ಕು ಕಾಸು ಬಂದರೆ ಒಳ್ಳೆಯದೇ. ನಮಗೆ ಸಿಟ್ಟು ಬರುವುದು, ಆ ಅಜ್ಜಿಯ ಮೊಮ್ಮಗಳಿಗೆ ಸರಳತೆಯನ್ನು ಹೊರಗಿನಿಂದ ಬಂದು ಕಲಿಸುತ್ತೇವೆ ಎಂದು ಮೈಕು ಹಿಡಿಯುವವರನ್ನು ಕಂಡಾಗ.

ಮೈಕಿನ ಮಾತು ಬಂದದ್ದಕ್ಕೆ ಇನ್ನೊಂದು. ಭೋಗವಾದದ ಪ್ರಬಂಧ ಸ್ಪರ್ಧೆ ನಡೆಸುವ ಧರ್ಮಕೇಂದ್ರಗಳಲ್ಲೇ ವಾರ್ಷಿಕ ಹಬ್ಬಕ್ಕೆ ರಸ್ತೆಯುದ್ದಕ್ಕೂ ಫ್ಲೆಕ್ಸ್ ಬೀಳುತ್ತದೆ, ಸಂತರ ಚಿತ್ರ ಚಿಕ್ಕದು, ದಾನಿಗಳ ಚಿತ್ರ ದೊಡ್ಡದು. ಪ್ರಥಮ ಪರಮಪ್ರಸಾದಕ್ಕೆ ಎಂಟು ವರ್ಷದ ಹುಡುಗಿಗೆ ಮದುವಣಗಿತ್ತಿಯ ಗೌನು ಹೊಲಿಸುವುದು, ಆಮೇಲೆ ಹಾಲ್ ಹಿಡಿಯುವುದು, ಅದಕ್ಕೊಂದು ಹಪ್ತೆ ಬೀಳುವುದು, ಇದೆಲ್ಲ ಮಕ್ಕಳು ಕೇಳಿ ಆದದ್ದಲ್ಲ. ಎಲ್ಲ ಮಕ್ಕಳಿಗೂ ಒಂದೇ ಬಗೆಯ ಬಿಳಿ ಬಟ್ಟೆ ಎಂದು ಪಾಲನಾ ಸಮಿತಿ ಒಂದು ಸಭೆಯಲ್ಲಿ ತೀರ್ಮಾನಿಸಿದರೆ ಹತ್ತಾರು ಮನೆಗಳ ಸಾಲ ಉಳಿಯುತ್ತದೆ. ಯುವಜನರ ಮೊಬೈಲಿನ ಬಗ್ಗೆ ಹತ್ತು ಪ್ರಬೋಧನೆಗಳಿಂದ ಆಗದ ಕೆಲಸ ಅದು. ಆ ಬಟ್ಟೆಯನ್ನು ನಮ್ಮದೇ ಧರ್ಮಕೇಂದ್ರದ ಹೊಲಿಗೆಯವರಿಗೆ ಹೊಲಿಯಲು ಕೊಟ್ಟರೆ ಇನ್ನೂ ಒಳ್ಳೆಯದು.

ಪ್ರಬಂಧವನ್ನು ನಾವು ತಿದ್ದಿದ್ದು ಹೀಗೆ. ಗೆರೆ ಎಳೆದ ಪ್ಯಾರಾವನ್ನು ಮೊದಲ ಪುಟಕ್ಕೆ ತಂದೆವು, ಒಂದಕ್ಷರ ಬದಲಿಸದೆ. ‘ಟಾವೆಲ್’ ಹಾಗೇ ಇದೆ, ‘ಹಪ್ತೆ’ ಹಾಗೇ ಇದೆ. ‘ಆಧುನಿಕ ಮಾನವ’ ಬಂದ ಕಡೆಗಳಲ್ಲೆಲ್ಲ ಪೆನ್ಸಿಲಿನಲ್ಲಿ ‘ಯಾರು?’ ಎಂದು ಬರೆದೆವು. ‘ವ್ಯಾಮೋಹ’ದ ವಾಕ್ಯ ತೆಗೆದೆವು. ‘ಭೌತವಾದ’ವನ್ನು ‘ಕೊಳ್ಳುಬಾಕತನ’ ಮಾಡಿ, ಕಾರಣವನ್ನು ಪಕ್ಕದಲ್ಲಿ ಬರೆದು, ಒಪ್ಪುವುದು ಬಿಡುವುದು ಅವಳಿಗೇ ಬಿಟ್ಟೆವು. ಆಮೇಲೆ ಹುಡುಗಿಗೆ ಮೂರು ಪ್ರಶ್ನೆ ಕಳಿಸಿದೆವು: ಒಂದು ಟವೆಲಿನ ಅಂಚಿಗೆ ಅವ್ವನಿಗೆ ಎಷ್ಟು ಸಿಗುತ್ತದೆ? ಅದೇ ಟವೆಲ್ ನವೀ ಪೇಠಿನ ಅಂಗಡಿಯಲ್ಲಿ ಎಷ್ಟು? ಮೂರೂ ಹಪ್ತೆ ಸೇರಿ ಅವ್ವನ ದುಡಿಮೆಯ ಎಷ್ಟು ಪಾಲು? ವಿಶೇಷಣ ಬೇಡ, ಅಂಕಿ ಸಾಕು ಎಂದೆವು.

ಉತ್ತರ ಬಂದಿದೆ. ಅಂಕಿಗಳನ್ನು ಇಲ್ಲಿ ಹಾಕುತ್ತಿಲ್ಲ. ಅವು ಅವಳ ಮನೆಯ ಮಾತು, ಅವಳ ಪ್ರಬಂಧದಲ್ಲಿ ಅವಳ ಹೆಸರಿನಲ್ಲೇ ಬರಬೇಕು. ಪ್ರಬಂಧ ಈಗ ಎರಡೇ ಪುಟಕ್ಕೆ ಇಳಿದಿದೆ. ಸ್ಪರ್ಧೆಯ ನಿಯಮದಲ್ಲಿ ‘ಕನಿಷ್ಠ ನಾಲ್ಕು ಪುಟ’ ಎಂದಿದೆಯಂತೆ. ಆ ನಿಯಮ ಸಡಿಲಿಸಬೇಕೆಂದು ಸಂಘಟಕರಿಗೆ ಪತ್ರ ಬರೆದಿದ್ದೇವೆ. ಅದೇ ಪತ್ರದಲ್ಲಿ ಇನ್ನೊಂದು ಕೋರಿಕೆಯನ್ನೂ ಇಟ್ಟಿದ್ದೇವೆ: ತೀರ್ಪುಗಾರರ ಮೂರು ಕುರ್ಚಿಗಳಲ್ಲಿ ಒಂದರಲ್ಲಿ, ವಾರದ ಹಪ್ತೆ ಕಟ್ಟಿ ಗೊತ್ತಿರುವ ಒಬ್ಬ ತಾಯಿ ಕೂರಬೇಕು. ಓದಲು ಬಾರದಿದ್ದರೂ ನಡೆಯುತ್ತದೆ, ಪ್ರಬಂಧಗಳನ್ನು ನಾವೇ ಓದಿ ಹೇಳುತ್ತೇವೆ.